ಗೋಡೆ ಒಂದೇ, ಮನೆ ಎರಡು: ಸೌತ್ ಫಿಲಡೆಲ್ಫಿಯಾದ ಇಟಾಲಿಯನ್ ಕೇರಿಯಲ್ಲಿ ಮನೆ ಕೊಳ್ಳುವುದು

ಅಮೆರಿಕದ ಸೌತ್ ಫಿಲಡೆಲ್ಫಿಯಾದ ಯಾವುದಾದರೂ ಸಣ್ಣ ಬೀದಿಯಲ್ಲಿ ನಿಂತು ತಲೆ ಎತ್ತಿ ನೋಡಿ. ಇಟ್ಟಿಗೆ ಗೋಡೆಯ ಮೇಲೆ, ಮಹಡಿಯ ಮಟ್ಟದಲ್ಲಿ, ಅಂಗೈ ಅಗಲದ ಕಬ್ಬಿಣದ ನಕ್ಷತ್ರಗಳು ಕಾಣುತ್ತವೆ. ಕೆಲವಕ್ಕೆ ಕಪ್ಪು ಬಣ್ಣ ಬಳಿದಿರುತ್ತಾರೆ, ಕೆಲವು ತುಕ್ಕು ಹಿಡಿದಿರುತ್ತವೆ. ಹಳೇ ಕಾಲದ ಅಲಂಕಾರ ಅಂತ ಫೋಟೊ ತೆಗೆದುಕೊಂಡು ಹೋಗುವವರೇ ಜಾಸ್ತಿ.

ಅದು ಅಲಂಕಾರ ಅಲ್ಲ. ಗೋಡೆ ಬೀದಿಗೆ ಬೀಳದ ಹಾಗೆ ಹಿಡಿದಿಟ್ಟಿರುವ ಸರಳಿನ ತುದಿ.

ಇಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ರೋಹೌಸ್ ಅನ್ನುತ್ತಾರೆ. ಒಳಗಿನ ಮರದ ತೊಲೆಗಳು ಎಡಗೋಡೆಯಿಂದ ಬಲಗೋಡೆಗೆ ಅಡ್ಡಲಾಗಿ ಕೂತಿರುತ್ತವೆ. ಮನೆಯ ಭಾರವೆಲ್ಲ ಆ ಎರಡು ಪಕ್ಕದ ಗೋಡೆಗಳ ಮೇಲೆ. ಬೀದಿ ಕಡೆಯ ಗೋಡೆ ತೊಲೆಗಳ ಭಾರ ಹೊರುವುದಿಲ್ಲ, ಹಾಗಾಗಿ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದೂ ಏನೂ ಇಲ್ಲ. ನೂರು ವರ್ಷ ಕಳೆಯುವಷ್ಟರಲ್ಲಿ ಅದು ಹೊಟ್ಟೆ ಬಂದವರ ಹಾಗೆ ಉಬ್ಬಿ ಮುಂದಕ್ಕೆ ವಾಲುತ್ತದೆ. ಆಗ ಕಬ್ಬಿಣದ ಸರಳೊಂದನ್ನು ಒಳಗಿನ ತೊಲೆಗಳಿಗೆ ಬಿಗಿದು, ಹೊರಗೆ ನಕ್ಷತ್ರ ಕೂರಿಸಿ, ನಟ್ಟು ತಿರುಗಿಸಿ ನಿಲ್ಲಿಸುತ್ತಾರೆ.

ಇನ್ನು ಆ ಪಕ್ಕದ ಗೋಡೆ. ಅದು ನಿಮ್ಮೊಬ್ಬರದಲ್ಲ. ಪಕ್ಕದ ಮನೆಯವರ ತೊಲೆಗಳೂ ಅದೇ ಗೋಡೆಯ ಮೇಲೆ ಕೂತಿವೆ. ಇದಕ್ಕೆ ಪಾರ್ಟಿ ವಾಲ್ ಅಂತ ಹೆಸರು. ಈ ಕೇರಿಯಲ್ಲಿ ಮನೆ ಕೊಳ್ಳುವುದು ಅಂದರೆ ಸಾಲಿನಲ್ಲಿ ಒಂದು ಪಾಲು ಕೊಳ್ಳುವುದು. ಬೆಲೆ, ತೆರಿಗೆ, ಜಗಳ, ಸ್ನೇಹ ಎಲ್ಲವೂ ಇಲ್ಲಿ ಆ ಗೋಡೆಯನ್ನು ಸುತ್ತಿಕೊಂಡೇ ಬರುತ್ತವೆ. ಅಮೆರಿಕ ಅಂದರೆ ಸುತ್ತ ಹುಲ್ಲುಹಾಸು, ಮುಂದೆ ಗ್ಯಾರೇಜು, ಪಕ್ಕದವರ ಮುಖವೇ ಕಾಣದಂಥ ಮನೆ ಅಂದುಕೊಂಡವರಿಗೆ ಈ ಲೆಕ್ಕ ಸ್ವಲ್ಪ ತಲೆಕೆಳಗು ಅನ್ನಿಸಬಹುದು.

ಚೀಟಿ ಹಾಕಿ ಕೊಂಡ ಮನೆಗಳು

1854ರವರೆಗೆ ಫಿಲಡೆಲ್ಫಿಯಾ ನಗರ ಸೌತ್ ಸ್ಟ್ರೀಟ್‌ಗೆ ಮುಗಿಯುತ್ತಿತ್ತು. ಅದರ ಕೆಳಗಿನದು ಊರಾಚೆ. ಸೌತ್‌ವಾರ್ಕ್, ಮೊಯಮೆನ್ಸಿಂಗ್, ಪ್ಯಾಸ್ಯುಂಕ್ ಅಂತ ಬೇರೆ ಬೇರೆ ಊರುಗಳಿದ್ದವು. ಪ್ಯಾಸ್ಯುಂಕ್ ಅನ್ನುವುದು ಈ ನೆಲದ ಮೂಲನಿವಾಸಿಗಳಾದ ಲೆನಾಪೆ ಜನರ ಮಾತು. ಬರೆಯುವುದು ಹಾಗೆ, ಊರವರು ಹೇಳುವುದು ‘ಪ್ಯಾಶಂಕ್’. ಬರೆದ ಹಾಗೇ ಓದಿದರೆ ನೀವು ಹೊರಗಿನವರು ಅಂತ ಮೊದಲ ಮಾತಿನಲ್ಲೇ ಗೊತ್ತಾಗುತ್ತದೆ. ಪ್ಯಾಸ್ಯುಂಕ್ ಅವೆನ್ಯೂ ಈಗಲೂ ಚೌಕಾಕಾರದ ಬೀದಿಗಳನ್ನೆಲ್ಲ ಓರೆಯಾಗಿ ಸೀಳಿಕೊಂಡು ಹೋಗುತ್ತದೆ. ಅದು ಬೀದಿಗಳ ನಕ್ಷೆ ಬರುವುದಕ್ಕೂ ಹಿಂದಿನ ಕಾಲುದಾರಿ.

ಮೊದಲು ಬಂದ ಇಟಾಲಿಯನ್ನರು ಕೆಲವೇ ಜನ, ಬಹುಪಾಲು ಜಿನೋವಾ ಕಡೆಯವರು. ಅವರಿಗಾಗಿ ಬಿಷಪ್ ಜಾನ್ ನ್ಯೂಮನ್ 1852ರಲ್ಲಿ ಸೇಂಟ್ ಮೇರಿ ಮ್ಯಾಗ್ಡಲೆನ್ ಡಿ ಪಾಟ್ಸಿ ಚರ್ಚ್ ಶುರು ಮಾಡಿಸಿದರು. ಅಮೆರಿಕದಲ್ಲಿ ಇಟಾಲಿಯನ್ನರಿಗೆಂದೇ ಆದ ಮೊದಲ ಪ್ಯಾರಿಷ್, ಅಂದರೆ ಚರ್ಚಿನ ಒಕ್ಕಲು, ಅದು. 1880ರ ನಂತರ ದಕ್ಷಿಣ ಇಟಲಿಯಿಂದ ಜನ ಹಡಗು ಹಡಗಾಗಿ ಬಂದರು. ಅಬ್ರುಝೊ, ಕಲಾಬ್ರಿಯಾ, ಕಂಪಾನಿಯಾ, ಸಿಸಿಲಿ. ಹಳ್ಳಿಯ ರೈತರು, ಕೂಲಿಯವರು, ದರ್ಜಿಗಳು. ಅವರಲ್ಲಿ ‘ನಾನು ಇಟಾಲಿಯನ್’ ಅನ್ನುವವರೇ ಕಡಿಮೆ, ತಮ್ಮ ಹಳ್ಳಿಯ ಹೆಸರು ಹೇಳುತ್ತಿದ್ದರು. ಇಟಾಲಿಯನ್ ಆಗಿದ್ದು ಇಲ್ಲಿಗೆ ಬಂದ ಮೇಲೆ.

1884ರಲ್ಲಿ ಆಂಟೋನಿಯೊ ಪಲುಂಬೊ ಎಂಬವರು ಇಲ್ಲಿ ಬೋರ್ಡಿಂಗ್ ಹೌಸ್ ತೆರೆದರು. ಇಂಗ್ಲಿಷ್ ಬಾರದವನಿಗೆ ಊಟ, ಹಾಸಿಗೆ, ಮಾತನಾಡಲು ತನ್ನ ಕಡೆಯವರು. ಅವರಿಗೆಲ್ಲ ತರಕಾರಿ, ಚೀಸ್, ಮಾಂಸ ಬೇಕಲ್ಲ? ಪಕ್ಕದ 9ನೇ ಬೀದಿಯ ಫುಟ್‌ಪಾತಿನಲ್ಲಿ ಅಂಗಡಿಗಳು ಬೆಳೆದವು. ಪ್ರವಾಸಿಗರು ಇವತ್ತು ಇಟಾಲಿಯನ್ ಮಾರ್ಕೆಟ್ ಅನ್ನುವುದು ಇದನ್ನೇ. ಹಳಬರಿಗೆ ಅದು ಬರೀ ‘ನೈನ್ತ್ ಸ್ಟ್ರೀಟ್’. ಅಂಗಡಿ ಮುಂದೆ ತಗಡಿನ ಚಾವಣಿ, ಅದರ ಕೆಳಗೆ ತರಕಾರಿ ರಾಶಿ, ಚಳಿಗಾಲದಲ್ಲಿ ಪೀಪಾಯಿಯೊಳಗೆ ಮರದ ಚೂರು ಉರಿಸಿ ಕೈ ಕಾಯಿಸಿಕೊಳ್ಳುವ ವ್ಯಾಪಾರಿಗಳು. 1904ರ ಇಸ್ಗ್ರೊ ಬೇಕರಿ, 1906ರ ಫ್ಯಾಂಟೆ ಪಾತ್ರೆ ಅಂಗಡಿ, 1939ರ ಡಿ ಬ್ರೂನೊ ಚೀಸ್ ಅಂಗಡಿ ಈಗಲೂ ನಡೆಯುತ್ತಿವೆ.

ರಸ್ತೆ ಅಗೆಯುವ, ರೈಲು ಹಳಿ ಹಾಕುವ ಕೂಲಿಯವನು ಮನೆ ಕೊಂಡಿದ್ದು ಹೇಗೆ? ಇದರ ಉತ್ತರ ನಮ್ಮವರಿಗೆ ತಟ್ಟನೆ ಅರ್ಥವಾಗುತ್ತದೆ. ಚೀಟಿ. ‘ಬಿಲ್ಡಿಂಗ್ ಅಂಡ್ ಲೋನ್’ ಎಂಬ ಸಂಘಗಳು ಇದೇ ಊರಿನ ಫ್ರ್ಯಾಂಕ್‌ಫರ್ಡ್‌ನಲ್ಲಿ 1831ರಲ್ಲಿ ಶುರುವಾದವು, ಅಮೆರಿಕದಲ್ಲೇ ಮೊದಲು. ಸದಸ್ಯರು ತಿಂಗಳು ತಿಂಗಳು ದುಡ್ಡು ಹಾಕುತ್ತಿದ್ದರು. ಸೇರಿದ ಮೊತ್ತ ಒಬ್ಬೊಬ್ಬರಿಗೆ ಮನೆಸಾಲವಾಗಿ ಹೋಗುತ್ತಿತ್ತು. ಯಾರು ಜಾಸ್ತಿ ಕೂಗುತ್ತಾರೋ ಅವರಿಗೆ ಮೊದಲು. ಹರಾಜು ಚೀಟಿಯೇ, ಅಲ್ವಾ? ಮೊದಲ ಸಾಲ 375 ಡಾಲರ್. ಮುಂದೆ ಇಟಾಲಿಯನ್ನರೂ ತಮ್ಮದೇ ಸಂಘ ಕಟ್ಟಿಕೊಂಡರು. ಮನೆ ಚಿಕ್ಕದು, ಗೋಡೆ ಹಂಚಿಕೆ, ಹಾಗಾಗಿ ಬೆಲೆಯೂ ಕಡಿಮೆ. ನ್ಯೂಯಾರ್ಕ್‌ನ ಕೂಲಿಯವನು ಬಾಡಿಗೆ ಚಾಳಿನಲ್ಲಿ ಉಸಿರುಗಟ್ಟಿ ಇದ್ದ ಕಾಲದಲ್ಲಿ ಇಲ್ಲಿಯವನು ಎರಡು ಮಹಡಿಯ ಸ್ವಂತ ಮನೆಗೆ ಕಂತು ಕಟ್ಟಬಹುದಿತ್ತು. ‘ಸಿಟಿ ಆಫ್ ಹೋಮ್ಸ್’ ಅಂತ ಈ ಊರನ್ನು ಕರೆದಿದ್ದು ಸುಮ್ನೆ ಅಲ್ಲ.

1924ರ ವಲಸೆ ಕಾಯ್ದೆ ಬಂದ ಮೇಲೆ ಹಡಗುಗಳು ಹೆಚ್ಚುಕಡಿಮೆ ನಿಂತವು. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ ಊರಿಗೆಲ್ಲ ಬಣ್ಣ ಹಚ್ಚಿ ನಕ್ಷೆ ಮಾಡಿತು. ಕೆಂಪು ಅಂದರೆ ಅಪಾಯ, ಸಾಲ ಕೊಡಬೇಡಿ ಅಂತ. ಕಪ್ಪು ಜನರ ಬೀದಿಗಳ ಜೊತೆ ಇಟಾಲಿಯನ್, ಯಹೂದಿ ಬೀದಿಗಳಿಗೂ ಆ ಕೆಂಪು ಬಿತ್ತು. ಈಗ ಅದೇ ಬೀದಿಯ ಜಾಹೀರಾತಿನಲ್ಲಿ ‘ಐತಿಹಾಸಿಕ ಇಟಾಲಿಯನ್ ನೆರೆಹೊರೆ’ ಅಂತ ಬರೆದು ರೇಟು ಏರಿಸುತ್ತಾರೆ.

ಇಟಾಲಿಯನ್ ಅನ್ನುವುದು ಈಗ ಎಷ್ಟು ನಿಜ?

ಮಾರ್ಕೆಟ್ ಇರುವ ಭಾಗದ ಹೆಸರು ಬೆಲ್ಲಾ ವಿಸ್ತಾ. ಇಟಾಲಿಯನ್ ಭಾಷೆಯಲ್ಲಿ ‘ಸುಂದರ ನೋಟ’. ನೆಲ ದೋಸೆಕಲ್ಲಿನಷ್ಟು ಸಮತಟ್ಟು, ನೋಡಲು ಎದುರು ಮನೆಯ ಕಿಟಕಿ ಬಿಟ್ಟರೆ ಬೇರೇನಿಲ್ಲ. ಇರಲಿ.

ಎರಡನೇ ಮಹಾಯುದ್ಧದ ನಂತರ ಮಕ್ಕಳು ನ್ಯೂಜೆರ್ಸಿಗೆ, ಉಪನಗರಗಳಿಗೆ ಹೋದರು. ಅಜ್ಜಿಯಂದಿರು ಉಳಿದರು. 1975ರ ನಂತರ ವಿಯೆಟ್ನಾಮಿಗಳು, ಆಮೇಲೆ ಕಾಂಬೋಡಿಯಾದವರು, 1990ರ ದಶಕದಿಂದ ಮೆಕ್ಸಿಕೊದ ಪುಯೆಬ್ಲಾ ರಾಜ್ಯದವರು ಬಂದರು. ಇವತ್ತು 9ನೇ ಬೀದಿಯಲ್ಲಿ ರವಿಯೋಲಿ ಅಂಗಡಿಯಿಂದ ನಾಲ್ಕು ಹೆಜ್ಜೆಗೆ ಬಿಸಿ ಟೋರ್ಟಿಯಾ, ವಾಷಿಂಗ್ಟನ್ ಅವೆನ್ಯೂಗೆ ತಿರುಗಿದರೆ ಫೋ ಸೂಪು. ಇದರಿಂದ ಮಾರ್ಕೆಟ್ ಹಾಳಾಯಿತು ಅನ್ನುವವರಿದ್ದಾರೆ. ನನಗನ್ನಿಸುವುದು ಬೇರೆ. ಮೂಟೆ ಹೊತ್ತು ಅಂಗಡಿ ಇಡಲು ಹೊಸಬರು ಬಾರದೇ ಹೋಗಿದ್ದರೆ ಅಲ್ಲಿ ಇಷ್ಟು ಹೊತ್ತಿಗೆ ಬರೀ ಕಾಫಿ ಬಾರ್ ಇರುತ್ತಿದ್ದವು. ಪಲುಂಬೊ ಕಾಲದಲ್ಲಿ ಇಟಾಲಿಯನ್ನರು ಮಾಡಿದ ಕೆಲಸವನ್ನೇ ಇವರೂ ಮಾಡುತ್ತಿದ್ದಾರೆ.

ಹಳಬರ ನಡುವೆ ಮುಟ್ಟಿದರೆ ನೋಯುವ ಜಾಗಗಳೂ ಇವೆ. ಇದೇ ಕೇರಿಯಲ್ಲಿ ಹುಟ್ಟಿದ ಫ್ರ್ಯಾಂಕ್ ರಿಝೊ ಪೊಲೀಸ್ ಕಮಿಷನರ್ ಆಗಿದ್ದವರು, 1972ರಿಂದ 1980ರವರೆಗೆ ಮೇಯರ್. ಇಲ್ಲಿನ ಅನೇಕರಿಗೆ ನಮ್ಮ ಮನೆಮಗ. ಊರಿನ ಕಪ್ಪು ಜನರಿಗೆ ಆ ಹೆಸರು ಅಂದರೆ ಲಾಠಿ. ಮಾರ್ಕೆಟ್ಟಿನ ಗೋಡೆಯ ಮೇಲಿದ್ದ ಅವರ ದೊಡ್ಡ ಚಿತ್ರವನ್ನು 2020ರಲ್ಲಿ ಬಣ್ಣ ಬಳಿದು ಅಳಿಸಿದರು. ಅದೇ ವರ್ಷ ಮಾರ್ಕೋನಿ ಪ್ಲಾಜಾದಲ್ಲಿ, ಇಟಾಲಿಯನ್ನರಿಗೆ ಹೆಮ್ಮೆಯ, ಉಳಿದ ಹಲವರಿಗೆ ಆಕ್ರಮಣಕಾರನಾದ ಕೊಲಂಬಸ್ ಪ್ರತಿಮೆಯ ಸುತ್ತ ನಗರಾಡಳಿತ ಪ್ಲೈವುಡ್ ಪೆಟ್ಟಿಗೆ ಕಟ್ಟಿತು. ಕೋರ್ಟು ಕಚೇರಿ ಅಲೆದು, ಪೆಟ್ಟಿಗೆಗೇ ಇಟಲಿ ಬಾವುಟದ ಬಣ್ಣ ಹಚ್ಚಿ, ಕೊನೆಗೆ 2022ರ ಡಿಸೆಂಬರಿನಲ್ಲಿ ಆ ಪೆಟ್ಟಿಗೆಯನ್ನು ತೆಗೆದರು. ಹೊಸದಾಗಿ ಬಂದವರು ಮೆಟ್ಟಿಲ ಮೇಲಿನ ಹರಟೆಯಲ್ಲಿ ಈ ಎರಡು ವಿಷಯಕ್ಕೆ ಮೊದಲ ವರ್ಷವಂತೂ ಕೈ ಹಾಕದಿರುವುದು ಒಳ್ಳೆಯದು.

ಮನೆ ನೋಡಲು ಹೋದಾಗ

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಗಲ 15 ಅಡಿ, ಎರಡು ಮಹಡಿ, ಮುಂದೆ ಮೂರು ಅಮೃತಶಿಲೆಯ ಮೆಟ್ಟಿಲು, ಬಾಗಿಲ ಮೇಲೆ ಅಲ್ಯೂಮಿನಿಯಂ ಚಾವಣಿ. ಬೀದಿ ಕಡೆ ದೊಡ್ಡ ಗಾಜಿನ ಕಿಟಕಿ. ಅದರಲ್ಲಿ ಮಾತೆ ಮೇರಿಯ ವಿಗ್ರಹವೋ ಈಸ್ಟರ್ ಮೊಲವೋ ಈಗಲ್ಸ್ ಫುಟ್‌ಬಾಲ್ ತಂಡದ ಹಸಿರು ಬಾವುಟವೋ ಇರುತ್ತದೆ. ಹಬ್ಬಕ್ಕೆ ತಕ್ಕ ಹಾಗೆ ಕಿಟಕಿ ಸಿಂಗರಿಸುವುದು ಇಲ್ಲಿನ ರೂಢಿ. ಥೇಟ್ ನಮ್ಮ ದಸರಾ ಗೊಂಬೆ, ಆದರೆ ಮುಖ ಬೀದಿಗೆ.

ಒಳಗೆ ಹೋಗುವ ಮುಂಚೆ ಎದುರು ಫುಟ್‌ಪಾತಿಗೆ ಹೋಗಿ ನಿಂತು ಮುಂಗೋಡೆಯನ್ನು ಬದಿಯಿಂದ ನೋಡಿ. ಉಬ್ಬಿದೆಯಾ? ಇಟ್ಟಿಗೆಯ ಸಂದಿಗೆ ಏನು ತುಂಬಿದ್ದಾರೆ? ಹಳೇ ಇಟ್ಟಿಗೆ ಮೆದು. ಅದಕ್ಕೆ ಸುಣ್ಣದ ಗಾರೆಯೇ ಸರಿ. ಗೋಡೆಗೆ ಹೊಕ್ಕ ನೀರು ಆ ಗಾರೆಯ ಮೂಲಕ ಆರಿ ಹೊರಗೆ ಹೋಗುತ್ತದೆ. ಗೊತ್ತಿಲ್ಲದ ಮೇಸ್ತ್ರಿ ಗಟ್ಟಿ ಸಿಮೆಂಟು ತುಂಬಿದ್ದರೆ ನೀರಿಗೆ ಇಟ್ಟಿಗೆಯೇ ದಾರಿ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಹಪ್ಪಳದ ಹಾಗೆ ಎಬ್ಬಿಸುತ್ತದೆ. ಗಟ್ಟಿ ಮಾಡಲು ಹೋಗಿ ಗೋಡೆ ಕೆಡಿಸಿದ ಮನೆಗಳು ಪ್ರತಿ ಬೀದಿಯಲ್ಲೂ ಸಿಗುತ್ತವೆ. ಕೆಲವು ಮನೆಗಳಿಗೆ ಕಲ್ಲಿನ ಹಾಗೆ ಕಾಣುವ ಸಿಮೆಂಟ್ ಮುಖವಾಡ ಹಾಕಿದ್ದಾರೆ. ಕೆಳಗಿನ ಇಟ್ಟಿಗೆ ಹೇಗಿದೆ ಅನ್ನುವುದು ಅದನ್ನು ಕಿತ್ತಾಗಲೇ ಗೊತ್ತಾಗುವುದು.

ಚಾವಣಿ ಹೆಚ್ಚುಕಡಿಮೆ ಚಪ್ಪಟೆ. ಬಿಸಿಲು ತಡೆಯಲು ಬೆಳ್ಳಿ ಬಣ್ಣ ಬಳಿಯುತ್ತಾರೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಲೇಬೇಕು. ನಿಮ್ಮ ಚಾವಣಿಗೂ ಪಕ್ಕದವರದಕ್ಕೂ ನಡುವೆ ಗೇಣುದ್ದದ ಅಂಚು ಇದ್ದರೆ ಹೆಚ್ಚು. ಅವರದು ಸೋರಿದರೆ ನೀರು ಬರುವುದು ನಿಮ್ಮ ಗೋಡೆಗೂ. ಅದಕ್ಕೇ ಪಕ್ಕದ ಮನೆ ಖಾಲಿ ಬಿದ್ದಿದೆಯಾ ಅಂತ ಮೊದಲು ಕೇಳಿ. ರಾತ್ರಿ ಟಿವಿ ಜೋರಾಗಿ ಹಾಕುವ ನೆರೆಯವನನ್ನು ಸಹಿಸಬಹುದು. ಯಾರೂ ಇಲ್ಲದ ಮನೆ ಮಾತ್ರ ಬೇಡ. ಇನ್ನೂ ಕಷ್ಟ ಯಾವಾಗ ಅಂದರೆ, ಯಾರೋ ಬಿಲ್ಡರ್ ಅದನ್ನು ಕೊಂಡು ಕೆಡವಿ, ಎತ್ತರದ ಬೇಸ್‌ಮೆಂಟ್ ಬೇಕು ಅಂತ ನಿಮ್ಮ ಪಾಯಕ್ಕಿಂತ ಕೆಳಗೆ ಅಗೆದಾಗ. ಅಗೆಯುವ ಮುಂಚೆ ಪಕ್ಕದವರಿಗೆ ತಿಳಿಸಬೇಕು, ಪಾಯಕ್ಕೆ ಆಸರೆ ಕೊಡಬೇಕು ಅಂತ ನಿಯಮಗಳಿವೆ. ಆದರೂ ಪಕ್ಕದ ನಿವೇಶನದಲ್ಲಿ ಕಿತ್ತಳೆ ಬಣ್ಣದ ನೋಟಿಸ್ ಕಂಡರೆ ನಿಮ್ಮ ಗೋಡೆಗಳ ಫೋಟೊವನ್ನು ಅವತ್ತೇ ತೆಗೆದಿಟ್ಟುಕೊಳ್ಳಿ.

ಬೇಸ್‌ಮೆಂಟಿಗೆ ಇಳಿಯಿರಿ. ಮೆಟ್ಟಿಲಲ್ಲಿ ತಲೆ ಜೋಪಾನ. ಕಲ್ಲಿನ ಪಾಯ, ಅದರ ಮೇಲೆ ಸುಣ್ಣ, ಹಳೇ ಕಾಲದ ಕಲ್ಲಿದ್ದಲು ಸುರಿಯುವ ಕಿಂಡಿ. ಎಷ್ಟೋ ಇಟಾಲಿಯನ್ ಮನೆಗಳಲ್ಲಿ ಇಲ್ಲೊಂದು ಎರಡನೇ ಅಡುಗೆಮನೆ ಇರುತ್ತದೆ. ಮೇಲಿನದು ನೆಂಟರಿಗೆ ತೋರಿಸಲು, ಕೆಳಗಿನದು ನಿಜವಾಗಿ ಅಡುಗೆ ಮಾಡಲು. ಬೇಸಿಗೆಯಲ್ಲಿ ಟೊಮೆಟೊ ಬೇಯಿಸಿ ಬಾಟಲಿಗೆ ತುಂಬುತ್ತಿದ್ದುದು ಇಲ್ಲೇ, ದ್ರಾಕ್ಷಿ ಹಿಂಡಿ ವೈನ್ ಇಡುತ್ತಿದ್ದುದೂ ಇಲ್ಲೇ. ಗೋಡೆ ಮುಟ್ಟಿ ನೋಡಿ. ಸ್ವಲ್ಪ ತೇವ ಸಹಜ. ನೆಲದಲ್ಲಿ ನೀರಿನ ಗೆರೆ ಇದ್ದರೆ ಸಹಜ ಅಲ್ಲ. ಬೀದಿಯಿಂದ ಬರುವ ನೀರಿನ ಪೈಪು ಸೀಸದ್ದಾ? ನಾಣ್ಯದಿಂದ ಕೆರೆದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಮೆದುವಾಗಿರುತ್ತದೆ. ಮನೆಯಿಂದ ಬೀದಿಯ ಚರಂಡಿಗೆ ಹೋಗುವ ಪೈಪು ಮಣ್ಣಿನದಿರಬಹುದು. ಅದು ಒಡೆದರೆ ಫುಟ್‌ಪಾತ್ ಅಗೆಸುವ ಖರ್ಚು ನಿಮ್ಮದು, ನಗರದ್ದಲ್ಲ. ನೀರಿನ ಇಲಾಖೆ ಇದಕ್ಕೆ ಬಡ್ಡಿ ಇಲ್ಲದ ಸಾಲ ಕೊಡುವ ಯೋಜನೆ ಇಟ್ಟಿದೆ. ಅದಕ್ಕಿಂತ, ಕೊಳ್ಳುವ ಮುಂಚೆಯೇ ಪೈಪಿನೊಳಗೆ ಕ್ಯಾಮೆರಾ ಬಿಡಿಸಿ ನೋಡುವುದು ಜಾಣತನ. 1978ಕ್ಕಿಂತ ಹಿಂದಿನ ಮನೆ ಅಂದರೆ ಬಣ್ಣದಲ್ಲೂ ಸೀಸ ಇರಬಹುದು, ಮಕ್ಕಳಿರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನೂ ಚಿಕ್ಕ ಮನೆ ಬೇಕಾದರೆ ‘ಟ್ರಿನಿಟಿ’ ಇದೆ. ಮೂರು ಮಹಡಿ, ಮಹಡಿಗೆ ಒಂದೇ ಕೋಣೆ. ತಂದೆ, ಮಗ, ಪವಿತ್ರಾತ್ಮ ಅಂತ ಕ್ರೈಸ್ತರ ತ್ರಿಮೂರ್ತಿಗಳ ಹೆಸರಿಟ್ಟಿದ್ದಾರೆ. ಮೆಟ್ಟಿಲು ಶಂಖದ ಹಾಗೆ ಸುತ್ತುತ್ತದೆ. ಮಂಚ ಮೇಲೆ ಹೋಗದೆ ಕಿಟಕಿ ಬಿಚ್ಚಿ ಹಗ್ಗದಲ್ಲಿ ಎಳೆದುಕೊಂಡ ಕಥೆಗಳು ಬೇಕಾದಷ್ಟಿವೆ. ಒಬ್ಬರಿಗೆ ಚೆಂದ. ಅಪ್ಪ ಅಮ್ಮ ಆರು ತಿಂಗಳಿಗೆ ಬಂದು ಇರುವ ಮನೆಗೆ ಬೇಡ.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಬೂದು ಬಣ್ಣದ ಹೊಸ ನೆಲ, ಬಿಳೀ ಅಡುಗೆಮನೆ, ಎಲ್ಲೆಡೆ ಚುಕ್ಕಿ ದೀಪ ಹಾಕಿ ಆರೇ ತಿಂಗಳಲ್ಲಿ ಮಾರುತ್ತಿರುವ ಮನೆಗಿಂತ, ಹೂವಿನ ವಾಲ್‌ಪೇಪರ್, ಸೋಫಾ ಮೇಲೆ ಪ್ಲಾಸ್ಟಿಕ್ ಕವರ್ ಇರುವ ಅಜ್ಜಿ ಮನೆ ವಾಸಿ. ಅಜ್ಜಿ ಮನೆಯಲ್ಲಿ ಕೆಟ್ಟಿದ್ದು ಕಣ್ಣಿಗೆ ಕಾಣುತ್ತದೆ. ಹೊಸ ಬಣ್ಣದ ಮನೆಯಲ್ಲಿ ಅದು ಪ್ಲಾಸ್ಟರ್‌ಬೋರ್ಡ್ ಹಿಂದೆ ಇರುತ್ತದೆ.

ಕಾಗದಪತ್ರ

ಅಜ್ಜಿ ಮನೆಗೆ ಇರುವ ನಿಜವಾದ ತೊಡಕು ಬೇರೆ. ಮಾರುತ್ತಿರುವವರ ಹೆಸರು ಪತ್ರದಲ್ಲಿ ಇದೆಯಾ?

ಅಜ್ಜ ಮನೆ ಕೊಂಡ. ತೀರಿಹೋದ. ಮಗಳು ಅಲ್ಲೇ ಇದ್ದಳು, ತೆರಿಗೆ ಕಟ್ಟಿದಳು. ಪತ್ರ ಬದಲಾಯಿಸಲು ಯಾರೂ ಹೋಗಲಿಲ್ಲ. ಈಗ ಮೊಮ್ಮಗ ಇದ್ದಾನೆ. ಕಾಗದದಲ್ಲಿ ಮಾಲೀಕ ಇನ್ನೂ ಅಜ್ಜ. ಪೌತಿ ಖಾತೆ ಆಗದೆ ಉಳಿದ ಜಮೀನಿನ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಿಲಡೆಲ್ಫಿಯಾದಲ್ಲಿ ಇದಕ್ಕೆ ‘ಟ್ಯಾಂಗಲ್ಡ್ ಟೈಟಲ್’ ಅಂತಲೇ ಹೆಸರಿದೆ, ಸಿಕ್ಕುಬಿದ್ದ ಹಕ್ಕು. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2021ರ ಅಧ್ಯಯನದ ಪ್ರಕಾರ ಊರಿನಲ್ಲಿ ಇಂಥ 10,000ಕ್ಕೂ ಹೆಚ್ಚು ಮನೆಗಳಿದ್ದವು, ಒಟ್ಟು ಬೆಲೆ 110 ಕೋಟಿ ಡಾಲರಿಗೂ ಮೇಲೆ. ಬಿಡಿಸಬೇಕಾದರೆ ವಾರಸುದಾರರು ಸಿಟಿ ಹಾಲ್‌ನಲ್ಲಿರುವ ಉಯಿಲುಗಳ ಕಚೇರಿಗೆ ಹೋಗಬೇಕು, ಈ ಊರಿರುವ ಪೆನ್ಸಿಲ್ವೇನಿಯಾ ರಾಜ್ಯದ ಪಿತ್ರಾರ್ಜಿತ ತೆರಿಗೆ ಕಟ್ಟಬೇಕು. ಮಕ್ಕಳು ಮೊಮ್ಮಕ್ಕಳಿಗೆ ಶೇ 4.5, ಒಡಹುಟ್ಟಿದವರಿಗೆ ಶೇ 12. ಇದು ಮಾರುವವರ ಕೆಲಸ, ಕಾಯುವುದು ಮಾತ್ರ ನಿಮ್ಮ ಪಾಲಿಗೆ. ಟೈಟಲ್ ಕಂಪನಿ ಹಳೇ ದಾಖಲೆಗಳನ್ನು ಹುಡುಕಿ ನೋಡಿ ನಿಮ್ಮ ಹಕ್ಕಿಗೆ ವಿಮೆ ಕೊಡುತ್ತದೆ. ಆ ವಿಮೆಯ ದುಡ್ಡು ಉಳಿಸಲು ಹೋಗಬೇಡಿ.

ಮನೆ ಕೈ ಬದಲಾಗುವ ದಿನಕ್ಕೆ ಇಲ್ಲಿ ‘ಸೆಟಲ್‌ಮೆಂಟ್’ ಅನ್ನುತ್ತಾರೆ. ಅವತ್ತು ಕೈ ಸುಡುವುದು ವರ್ಗಾವಣೆ ತೆರಿಗೆ. ರಾಜ್ಯಕ್ಕೆ ಶೇ 1, ನಗರಕ್ಕೆ ಶೇ 3ಕ್ಕಿಂತ ಜಾಸ್ತಿ. ಒಟ್ಟು ಶೇ 4 ದಾಟುತ್ತದೆ. ಕೊಳ್ಳುವವರು ಮಾರುವವರು ಅರ್ಧರ್ಧ ಹಾಕಿಕೊಳ್ಳುವುದು ವಾಡಿಕೆ. 3 ಲಕ್ಷ ಡಾಲರ್ ಮನೆಗೆ ನಿಮ್ಮ ಪಾಲೇ 6,000 ಡಾಲರಿಗೂ ಮೇಲೆ. ಡೌನ್ ಪೇಮೆಂಟ್ ಕೂಡಿಸಿಟ್ಟು ಇದನ್ನು ಮರೆತವರು ಕೊನೇ ವಾರದಲ್ಲಿ ಅಣ್ಣನಿಗೋ ಭಾವನಿಗೋ ಫೋನ್ ಮಾಡುತ್ತಾರೆ.

ವರ್ಷದ ಆಸ್ತಿ ತೆರಿಗೆ, ನಗರ ಕಟ್ಟಿದ ಬೆಲೆಯ ಶೇ 1.3998. ನೀವೇ ವಾಸವಿದ್ದರೆ ‘ಹೋಮ್‌ಸ್ಟೆಡ್’ ಅರ್ಜಿ ಹಾಕಿ 1 ಲಕ್ಷ ಡಾಲರಿನಷ್ಟು ಬೆಲೆಯನ್ನು ಲೆಕ್ಕದಿಂದ ಕಳೆಯಬಹುದು, 2025ರಿಂದ ಈ ಮಿತಿ. ಅಂದರೆ 3 ಲಕ್ಷದ ಮನೆಗೆ ತೆರಿಗೆ ಬೀಳುವುದು 2 ಲಕ್ಷದ ಮೇಲೆ, ಸುಮಾರು 2,800 ಡಾಲರ್. ಅರ್ಜಿಗೆ ಖರ್ಚಿಲ್ಲ. ಆದರೆ ಹಳೇ ಮಾಲೀಕರ ರಿಯಾಯಿತಿ ನಿಮಗೆ ತಾನಾಗಿ ಬರುವುದಿಲ್ಲ. ಹಾಗೇ ಅವರ ತೆರಿಗೆ ರಸೀದಿ ನೋಡಿ ‘ಪರವಾಗಿಲ್ವೇ, ಕಡಿಮೆ ಇದೆ’ ಅಂತ ಖುಷಿಪಡಬೇಡಿ. 2014ರಲ್ಲಿ ನಗರ ಎಲ್ಲ ಮನೆಗಳಿಗೂ ಹೊಸದಾಗಿ ಬೆಲೆ ಕಟ್ಟಿದಾಗ ಹಳಬರ ಬಿಲ್ಲು ಒಮ್ಮೆಲೇ ಏರಿತು. ಅವರು ಮನೆ ಬಿಟ್ಟು ಹೋಗದಿರಲಿ ಅಂತ 10 ವರ್ಷದಿಂದ ಇರುವವರಿಗೆ, ಆದಾಯ ಮಿತಿಯೊಳಗಿದ್ದರೆ, ‘ಲೂಪ್’ ಎಂಬ ರಿಯಾಯಿತಿ ಕೊಟ್ಟರು. ಅಜ್ಜಿಯ ಬಿಲ್ಲು ಅಜ್ಜಿಗೆ ಮಾತ್ರ.

ಹೊಸ ಕಟ್ಟಡದಲ್ಲಿ ಇದರ ಉಲ್ಟಾ ಮೋಸ ಕಾದಿರುತ್ತದೆ. ಹೊಸದಾಗಿ ಕಟ್ಟಿದ ಮನೆಗೆ 10 ವರ್ಷ ಕಟ್ಟಡದ ತೆರಿಗೆ ಮಾಫಿ ಇತ್ತು. 2022ರಿಂದ ನಿಯಮ ಬದಲಾಗಿ, ಮೊದಲ ವರ್ಷ ಪೂರ್ತಿ ಮಾಫಿ, ಆಮೇಲೆ ವರ್ಷಕ್ಕೆ ಶೇ 10ರಷ್ಟು ಇಳಿಯುತ್ತಾ ಹೋಗುತ್ತದೆ. ಒಂಬತ್ತನೇ ವರ್ಷದಲ್ಲಿರುವ ಮನೆ ಕೊಂಡರೆ ಮುಂದಿನ ಬಿಲ್ಲು ಎಷ್ಟು ಅಂತ ಕೇಳದೆ ಸಹಿ ಹಾಕಬೇಡಿ. ಇದರ ಜೊತೆಗೆ ಊರಿನೊಳಗೆ ಇರುವವರ ಸಂಬಳದ ಮೇಲೆ ನಗರದ್ದೇ ಒಂದು ತೆರಿಗೆ ಇದೆ, ಶೇ 3.75ರ ಆಸುಪಾಸು. ಉಪನಗರದ ಗೆಳೆಯರು ಇದನ್ನು ಪದೇ ಪದೇ ನೆನಪಿಸುತ್ತಾರೆ. ಅವರಿಗೆ ಎರಡು ಕಾರಿನ ಖರ್ಚು ಎಷ್ಟು ಅಂತ ನೀವೂ ಕೇಳಬಹುದು. ಇಲ್ಲಿ ಬ್ರಾಡ್ ಸ್ಟ್ರೀಟ್ ಕೆಳಗೆ ಸಬ್‌ವೇ ಇದೆ.

‘ಕೆಳಗೆ ಬಾಡಿಗೆಗೆ ಕೊಡಬಹುದು’ ಅಂತ ಏಜೆಂಟ್ ಹೇಳಿದರೆ, ಆ ಕಟ್ಟಡವನ್ನು ಹೇಗೆ ಬಳಸಬಹುದು ಅಂತ ನಗರ ಕೊಟ್ಟ ಜೋನಿಂಗ್ ಕಾಗದ ತೋರಿಸಿ ಅನ್ನಿ. ಎರಡು ಅಡುಗೆಮನೆ ಇದ್ದ ಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಎರಡು ಮನೆ ಆಗುವುದಿಲ್ಲ. ಇನ್ನು ‘ಐತಿಹಾಸಿಕ’ ಅನ್ನುವ ಮಾತು. ರಾಷ್ಟ್ರೀಯ ಪಟ್ಟಿಯಲ್ಲಿದ್ದರೆ ಅದು ಹೆಚ್ಚಾಗಿ ಗೌರವ ಮಾತ್ರ, ನಿಮ್ಮ ದುಡ್ಡಿನಲ್ಲಿ ನೀವು ಕಿಟಕಿ ಬದಲಾಯಿಸಿದರೆ ಯಾರೂ ತಡೆಯುವುದಿಲ್ಲ. ನಗರದ ಹಿಸ್ಟಾರಿಕಲ್ ಕಮಿಷನ್ ಪಟ್ಟಿಯಲ್ಲಿದ್ದರೆ ಬೀದಿಗೆ ಕಾಣುವ ಕಿಟಕಿ, ಬಾಗಿಲಿಗೂ ಒಪ್ಪಿಗೆ ಬೇಕು. ಜಾಹೀರಾತಿನಲ್ಲಿ ಬರೆದ ಐತಿಹಾಸಿಕಕ್ಕೆ ಬಹಳ ಸಲ ಎರಡೂ ಪಟ್ಟಿ ಇರುವುದಿಲ್ಲ.

ಬದುಕುವುದು

ಮನೆ ಇಷ್ಟವಾದ ಮೇಲೆ ಒಂದು ಕೆಲಸ ಮಾಡಿ. ರಾತ್ರಿ ಒಂಬತ್ತೂವರೆಗೆ ಕಾರಿನಲ್ಲಿ ಅಲ್ಲಿಗೆ ಹೋಗಿ ಜಾಗ ಹುಡುಕಿ. ಅರ್ಧ ಗಂಟೆ ಸುತ್ತಿಸುತ್ತದೆ. ಜನ ಬ್ರಾಡ್ ಸ್ಟ್ರೀಟ್‌ನ ನಟ್ಟನಡುವೆ, ಎರಡು ದಿಕ್ಕಿನ ಗಾಡಿಗಳ ಮಧ್ಯದ ಪಟ್ಟಿಯಲ್ಲಿ ಕಾರು ನಿಲ್ಲಿಸುತ್ತಾರೆ. ಕಾನೂನಿಗೆ ವಿರುದ್ಧ. ಎಲ್ಲರೂ ಮಾಡುತ್ತಾರೆ, ಪೊಲೀಸರು ನೋಡಿಯೂ ನೋಡದ ಹಾಗೆ ಹೋಗುತ್ತಾರೆ. ಹಿಮ ಬಿದ್ದ ದಿನ ಇನ್ನೊಂದು ಕಾನೂನು. ನೀವು ಸಲಿಕೆ ಹಿಡಿದು ಬಿಡಿಸಿಕೊಂಡ ಜಾಗದಲ್ಲಿ ಒಂದು ಮುರುಕು ಕುರ್ಚಿ ಇಟ್ಟು ಹೋಗಬಹುದು. ‘ಸೇವ್‌ಸೀಸ್’ ಅಂತ ಅದರ ಹೆಸರು. ಪೊಲೀಸರು ಪ್ರತಿ ವರ್ಷ ಬೇಡ ಅನ್ನುತ್ತಾರೆ, ಕುರ್ಚಿಗಳು ಪ್ರತಿ ವರ್ಷ ಬರುತ್ತವೆ. ಬೇರೆಯವರ ಕುರ್ಚಿ ಎತ್ತಿಟ್ಟು ಕಾರು ನಿಲ್ಲಿಸಿದವರ ಟೈರಿನ ಗತಿ ಏನು ಅಂತ ಇಲ್ಲಿ ಬರೆಯುವುದು ಬೇಡ.

ಗೋಡೆಯಾಚೆಯಿಂದ ಕೆಮ್ಮು, ಪಿಯಾನೊ, ಈಗಲ್ಸ್ ಗೆದ್ದ ಕೂಗು ಎಲ್ಲ ಕೇಳುತ್ತದೆ. ನಿಮ್ಮ ಕುಕ್ಕರ್ ವಿಷಲ್ ಅವರಿಗೂ ಕೇಳುತ್ತದೆ. ಒಗ್ಗರಣೆ ವಾಸನೆಗೆ ಹೆದರಬೇಕಾಗಿಲ್ಲ, ಭಾನುವಾರ ಬೆಳಿಗ್ಗೆಯಿಂದ ಬೆಳ್ಳುಳ್ಳಿ ಹಾಕಿ ಕುದಿಸುವ ಊರಿದು. ಆ ಟೊಮೆಟೊ ಸಾರಿಗೆ ಅವರು ಸಾಸ್ ಅನ್ನುವುದಿಲ್ಲ, ‘ಗ್ರೇವಿ’ ಅನ್ನುತ್ತಾರೆ. ಮಾಂಸ ತಿನ್ನದವರಿಗೆ ಬೇಕರಿಗಳಲ್ಲಿ ಟೊಮೆಟೊ ಪೈ ಇದೆ. ದಪ್ಪ ಬ್ರೆಡ್ಡಿನ ಮೇಲೆ ಬರೀ ಟೊಮೆಟೊ, ತಣ್ಣಗೆ ಕೊಡುತ್ತಾರೆ. ಚೀಸ್ ಎಲ್ಲಿ ಅಂತ ಕೇಳಬೇಡಿ.

ಬೀದಿ ಹಬ್ಬ ಮಾಡಲು ಆ ಬ್ಲಾಕಿನ ಶೇ 75 ಮನೆಯವರ ಸಹಿ ಬೇಕು. ಸಹಿಗೆ ಬರುವವರು ಸಾಮಾನ್ಯವಾಗಿ ಬ್ಲಾಕ್ ಕ್ಯಾಪ್ಟನ್, ಅಂದರೆ ಆ ಬೀದಿಯ ಮುಂದಾಳು. ಕಸ ಯಾವ ದಿನ, ಯಾರ ಮನೆ ಮಾರಾಟಕ್ಕಿದೆ, ಯಾರಿಗೆ ಆಪರೇಷನ್ ಆಗಿದೆ, ಎಲ್ಲ ಅವರಿಗೆ ಗೊತ್ತು. ಮನೆ ಕೊಳ್ಳುವ ಮುಂಚೆಯೇ ಅವರ ಮನೆ ಮೆಟ್ಟಿಲ ಹತ್ತಿರ ನಿಂತು ಹತ್ತು ನಿಮಿಷ ಮಾತಾಡಿದರೆ ಮನೆ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ವರದಿಯಲ್ಲಿ ಇಲ್ಲದ್ದು ಸಿಗುತ್ತದೆ. ಅವರು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆಯೂ ಇಂಥದ್ದೇ, ‘ಯಾರ ಮನೆ ಕೊಳ್ತಿದೀರಿ?’ ನಂಬರು ಹೇಳಿದರೆ ಅವರಿಗೆ ತಿಳಿಯುವುದಿಲ್ಲ. ಹಳೇ ಅಜ್ಜಿಯ ಹೆಸರು ಹೇಳಬೇಕು. ನೀವು ಅಲ್ಲಿ ಇಪ್ಪತ್ತು ವರ್ಷ ಇದ್ದರೂ ಅದು ಆ ಅಜ್ಜಿಯ ಮನೆಯೇ.

ಕೊನೆಗೆ ಹಿತ್ತಲು. ಹಿತ್ತಲು ಅಂದರೆ ನಾಲ್ಕು ಕುರ್ಚಿ ಹಾಕುವಷ್ಟು ಸಿಮೆಂಟ್ ನೆಲ. ಅದರ ಮೂಲೆಯಲ್ಲಿ ಅಷ್ಟು ಮಾತ್ರ ಸಿಮೆಂಟ್ ಬಿಟ್ಟು ನೆಟ್ಟ ಅಂಜೂರದ ಗಿಡ ಇರುವ ಮನೆಗಳು ಈಗಲೂ ಇವೆ. ದಕ್ಷಿಣ ಇಟಲಿಯ ಗಿಡ, ಫಿಲಡೆಲ್ಫಿಯಾದ ಚಳಿ ತಡೆಯುವುದಿಲ್ಲ. ಹಾಗಾಗಿ ಚಳಿ ಕಚ್ಚುವ ಮುಂಚೆ ಕೊಂಬೆಗಳನ್ನೆಲ್ಲ ಒಟ್ಟಿಗೆ ಕಟ್ಟಿ, ಗೋಣಿಚೀಲ, ಹಳೇ ಕಂಬಳಿ ಸುತ್ತಿ, ಮಳೆ ಇಳಿಯದಂತೆ ಮೇಲೊಂದು ಬಕೆಟ್ ಕವುಚಿ ಇಡುತ್ತಾರೆ. ಪೆನ್ಸಿಲ್ವೇನಿಯಾದ ಮಾಮೂಲಿ ಕ್ರಯದ ಕರಾರಿನಲ್ಲಿ, ನೆಲದಲ್ಲಿ ನೆಟ್ಟ ಗಿಡಮರ ಮನೆಯ ಜೊತೆಗೇ ಬರುತ್ತದೆ ಅಂತ ಅಚ್ಚಾಗಿರುತ್ತದೆ. ಕಟ್ಟುವುದು ಹೇಗೆ ಅಂತ ಅದರಲ್ಲಿ ಬರೆದಿರುವುದಿಲ್ಲ. ನವೆಂಬರಿನ ಒಂದು ಭಾನುವಾರ ಗೋಣಿಚೀಲ ಹಿಡಿದು ಹಿತ್ತಲಿಗೆ ಹೋಗಿ ನಿಂತುಕೊಳ್ಳಿ. ಬೇಲಿಯ ಆ ಕಡೆಯಿಂದ ಯಾರಾದರೂ ‘ಹಾಗಲ್ಲಪ್ಪ’ ಅನ್ನದೆ ಇರುವುದಿಲ್ಲ.